ವಾರ್ಡಿನ ಕಾಮಗಾರಿಗೆ ಮೊದಲು ಹಿರಿಯರ ಮಾತು ಪಾಲಿಕೆಗೆ ಮುಟ್ಟಬೇಕು. ಹೇಗೆ?

ನಿವೃತ್ತ ಅಂಚೆ ಸಹಾಯಕಿ:

ಎಲ್ಲರಿಗೂ ನಮಸ್ಕಾರ. ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಈಗ 67 ವರ್ಷ. ನಮ್ಮದು ಮಹಾನಗರ ಪಾಲಿಕೆ ಇರುವ ಜಿಲ್ಲಾ ಕೇಂದ್ರ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿನ ಸಿಬ್ಬಂದಿಯೊಡನೆ ಕೂಡಿಯೇ ಈ ಕೆಲಸ ಮಾಡಿಸಬೇಕಾಗಿದೆ.

ನಮ್ಮ ವಾರ್ಡಿನ ಹಿಂಭಾಗದ ರಸ್ತೆಯ ಪಾದಚಾರಿ ಮಾರ್ಗ, ಬಸ್ ತಂಗುದಾಣ ಮತ್ತು ಒಂದು ಚಿಕ್ಕ ಉದ್ಯಾನದ ಕೆಲಸ ಬರುವ ಆರ್ಥಿಕ ವರ್ಷದಲ್ಲಿ ಆಗುವ ಸಾಧ್ಯತೆ ಇದೆ. ಮುಂಭಾಗದ ರಸ್ತೆಯಲ್ಲಿ ಇದೇ ಕೆಲಸ ಹಿಂದೆ ಆಗಿದೆ. ಹಣ ಖರ್ಚಾಗಿದೆ, ಕಲ್ಲು ಚೆನ್ನಾಗಿದೆ, ಆದರೆ ವಯಸ್ಸಾದವರು ಯಾರೂ ಅದರ ಮೇಲೆ ನಡೆಯುತ್ತಿಲ್ಲ. ಮೊಣಕಾಲಿನ ಅರ್ಧದವರೆಗೆ ಬರುವಷ್ಟು ಎತ್ತರ. ಪ್ರತಿ ಮನೆಯ ಗೇಟಿನ ಮುಂದೆ ಕಾರು ಇಳಿಯಲೆಂದು ಅದನ್ನು ಕತ್ತರಿಸಿದ್ದಾರೆ. ಹತ್ತು ಮನೆ ದಾಟಬೇಕಾದರೆ ಹತ್ತು ಸಲ ಹತ್ತಿ ಹತ್ತು ಸಲ ಇಳಿಯಬೇಕು. ಹಾಗಾಗಿ ಕೋಲು ಹಿಡಿದವರು, ಮೊಮ್ಮಕ್ಕಳ ಕೈ ಹಿಡಿದವರು ಎಲ್ಲರೂ ರಸ್ತೆಯ ಅಂಚಿನಲ್ಲಿ ಬೈಕುಗಳ ನಡುವೆಯೇ ನಡೆಯುತ್ತಾರೆ. ಉದ್ಯಾನದ ಬಾಗಿಲಿಗೆ ದನ ಮತ್ತು ಸ್ಕೂಟರ್ ಒಳಗೆ ಬಾರದಂತೆ ತಿರುಗುವ ಕಬ್ಬಿಣದ ಗೇಟು ಹಾಕಿದ್ದಾರೆ. ವಾಕರ್ ಹಿಡಿದು ನಡೆಯುವವರೂ ಒಳಗೆ ಹೋಗಲಾರರು. ಕಲ್ಲುಬೆಂಚುಗಳಿಗೆ ಬೆನ್ನಿಗೆ ಆಸರೆಯಿಲ್ಲ, ಏಳುವಾಗ ಹಿಡಿಯಲು ಕೈಯಾಸರೆಯೂ ಇಲ್ಲ.

ಇದನ್ನು ಯಾರೂ ಕೆಟ್ಟ ಮನಸ್ಸಿನಿಂದ ಮಾಡಲಿಲ್ಲ. ಕೇಳಲಿಲ್ಲ, ಅಷ್ಟೇ. ಅಕ್ಟೋಬರ್ 1ರ ಹಿರಿಯರ ದಿನಾಚರಣೆಗೆ ಮಾತ್ರ ತಪ್ಪದೆ ಕರೆಯುತ್ತಾರೆ. ಶಾಲು, ಹಾರ, ಹಣ್ಣಿನ ಬುಟ್ಟಿ, ರಕ್ತದೊತ್ತಡದ ತಪಾಸಣೆ. ಆ ಗೌರವವನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ ಮೆಟ್ಟಿಲು ಎಷ್ಟು ಎತ್ತರ ಇರಬೇಕೆಂದು ಅದೇ ಜನರನ್ನು ಒಂದು ಮಾತು ಕೇಳಿದ್ದರೆ ಶಾಲಿಗಿಂತ ಹೆಚ್ಚು ಬೆಚ್ಚಗಾಗುತ್ತಿತ್ತು.

ಒಮ್ಮೆ ನಾಗರಿಕರ ಸಲಹಾ ಸಭೆ ಕರೆದಿದ್ದರು. ಕೆಲಸದ ದಿನ, ಬೆಳಿಗ್ಗೆ ಹನ್ನೊಂದು ಗಂಟೆಗೆ, ಲಿಫ್ಟ್ ಇಲ್ಲದ ಎರಡನೇ ಮಹಡಿಯಲ್ಲಿ. ಬಂದ ಹಿರಿಯರೆಲ್ಲ ನಿವೃತ್ತ ಅಧಿಕಾರಿಗಳು. ಹೆಂಗಸೆಂದರೆ ನಾನೊಬ್ಬಳೇ. ಅವರು ಚೆನ್ನಾಗಿ ಮಾತನಾಡುತ್ತಾರೆ, ಅವರು ಬರಲೇಬೇಕು. ಆದರೆ ಸಂಧ್ಯಾ ಸುರಕ್ಷಾ ಹಣಕ್ಕೆಂದು ನನ್ನ ಕೌಂಟರಿನ ಮುಂದೆ ನಿಲ್ಲುತ್ತಿದ್ದ ಹೆಂಗಸರು ಅಲ್ಲಿರಲಿಲ್ಲ. ಕಾಲು ನೋವೆಂದು ಬಾಯಿಬಿಟ್ಟು ಹೇಳದೆ ಕೌಂಟರಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದವರು ಅವರು. ನ್ಯಾಯಬೆಲೆ ಅಂಗಡಿಯ ಯಂತ್ರ ಸವೆದ ಬೆರಳನ್ನು ಗುರುತಿಸದೆ ಮತ್ತೊಂದು ದಿನ ಬಾ ಎನಿಸಿಕೊಂಡು, ಅದೇ ರಸ್ತೆಯಲ್ಲಿ ಮತ್ತೆ ನಡೆಯುವವರೂ ಅವರೇ. ಆ ರಸ್ತೆಯನ್ನು ಅವರಷ್ಟು ಬಲ್ಲವರು ಯಾರಿದ್ದಾರೆ?

ನನ್ನ ಪ್ರಶ್ನೆ ಇಷ್ಟು. ಇಂಥವರ ಮಾತನ್ನು ಯೋಜನೆಯೊಳಗೆ ತರುವುದು ಹೇಗೆ? ಯಾವ ತಿಂಗಳಲ್ಲಿ, ಯಾರಿಗೆ, ಯಾವ ರೂಪದಲ್ಲಿ ಕೊಟ್ಟರೆ ಅದು ಕಡತದಲ್ಲಿ ಉಳಿಯುತ್ತದೆ? ನಿಮ್ಮ ಊರಿನಲ್ಲಿ ಮಾಡಿ ನೋಡಿದವರಿದ್ದರೆ ದಯವಿಟ್ಟು ಬಿಡಿಸಿ ಬರೆಯಿರಿ.

---

ಹಳೆಯ ಪುರಸಭೆ ಎಂಜಿನಿಯರ್:

ಮೇಡಂ, ನಾನು ಪುರಸಭೆ, ನಗರಸಭೆಗಳಲ್ಲಿ ಎಂಜಿನಿಯರ್ ಆಗಿದ್ದವನು. ಹಾಗಾಗಿ ಒಳಗಿನ ನಡೆ ಹೇಗಿರುತ್ತದೆಂದು ಹೇಳುತ್ತೇನೆ.

ನೀವು ಸರಿಯಾದ ಸಮಯಕ್ಕೆ ಕೇಳಿದ್ದೀರಿ. ಕೆಲಸದ ಗುಂಡಿ ತೋಡಿದ ದಿನ ಜನ ಬಂದು ಗಲಾಟೆ ಮಾಡುತ್ತಾರೆ, ಆ ಹೊತ್ತಿಗೆ ಎಲ್ಲವೂ ಮುಗಿದಿರುತ್ತದೆ. ಬಜೆಟ್ಟಿನಲ್ಲಿ ಹಣ ಇಟ್ಟ ಮೇಲೆ ಕಿರಿಯ ಎಂಜಿನಿಯರ್ ಸ್ಥಳ ನೋಡಿ ಅಂದಾಜು ಪಟ್ಟಿ ಬರೆಯುತ್ತಾರೆ. ಅದಕ್ಕೆ ತಾಂತ್ರಿಕ ಮಂಜೂರಾತಿ, ಆಮೇಲೆ ಟೆಂಡರು, ಆಮೇಲೆ ಕಾರ್ಯಾದೇಶ. ಕರ್ಬ್ ಕಲ್ಲಿನ (ಪಾದಚಾರಿ ಮಾರ್ಗದ ಅಂಚುಗಲ್ಲಿನ) ಎತ್ತರ, ಇಳಿಜಾರು, ಬೆಂಚಿನ ನಮೂನೆ ಎಲ್ಲವೂ ತೀರ್ಮಾನವಾಗುವುದು ಆ ಅಂದಾಜು ಪಟ್ಟಿಯಲ್ಲಿ. ಟೆಂಡರು ಆದ ಮೇಲೆ ಒಂದು ಕೈಕಂಬಿ ಸೇರಿಸಬೇಕೆಂದರೂ ಹೆಚ್ಚುವರಿ ಮಂಜೂರಾತಿ ಬೇಕು, ಆ ತಲೆನೋವು ಯಾರೂ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಬಜೆಟ್ ಪೂರ್ವಭಾವಿ ಸಭೆಯಲ್ಲಿ ಒಮ್ಮೆ, ಅಂದಾಜು ಪಟ್ಟಿ ಬರೆಯುವ ಮುಂಚೆ ಇನ್ನೊಮ್ಮೆ, ಎರಡು ಕಡೆ ನಿಮ್ಮ ಮನವಿ ಇರಬೇಕು.

ಮನವಿಯಲ್ಲಿ ‘ಹಿರಿಯರಿಗೆ ಅನುಕೂಲ ಮಾಡಿಕೊಡಿ’ ಎಂದು ಬರೆಯಬೇಡಿ. ಅದಕ್ಕೆ ‘ಪರಿಶೀಲಿಸಲಾಗುವುದು’ ಎಂಬ ಹಿಂಬರಹ ಬರುತ್ತದೆ. ಜಾಗ ಮತ್ತು ಅಳತೆ ಬರೆಯಿರಿ. ರಸ್ತೆ ಕೆಲಸಕ್ಕೆ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ (ಐಆರ್‌ಸಿ) 103ನೇ ಕೈಪಿಡಿ ಪಾದಚಾರಿಗಳಿಗೆಂದೇ ಇದೆ. ಅದರ 2012ರ ಆವೃತ್ತಿಯ ಪ್ರಕಾರ ಕರ್ಬ್ ಎತ್ತರ 150 ಮಿಲಿಮೀಟರ್ ಮೀರಬಾರದು, ನಡೆಯಲು ಅಡೆತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು. ಮನೆಯ ಗೇಟಿನ ಮುಂದೆ ಪಾದಚಾರಿ ಮಾರ್ಗ ಅದೇ ಮಟ್ಟದಲ್ಲಿ ಮುಂದುವರಿಯಬೇಕು, ಹತ್ತಿ ಇಳಿಯಬೇಕಾದದ್ದು ಕಾರು. ‘ನ್ಯಾಯಬೆಲೆ ಅಂಗಡಿಯಿಂದ ಬಸ್ ತಂಗುದಾಣದವರೆಗೆ ಇಂತಿಷ್ಟು ಕಡೆ ಕರ್ಬ್ 150 ಮಿಲಿಮೀಟರ್ ದಾಟಿದೆ’ ಎಂದು ನೀವು ಬರೆದರೆ ಎಂಜಿನಿಯರ್ ಅದನ್ನು ಪಕ್ಕಕ್ಕಿಡಲಾರರು. ನಾಳೆ ಲೆಕ್ಕಪರಿಶೋಧನೆಯಲ್ಲಿ ಕೇಳಿದರೆ ಉತ್ತರ ಕೊಡಬೇಕಾದವರು ಅವರೇ.

ರಸ್ತೆ ದಾಟುವ ಸಿಗ್ನಲ್ ನಿಮ್ಮಲ್ಲಿದ್ದರೆ ಅದನ್ನೂ ಸೇರಿಸಿ. ಸಾಮಾನ್ಯವಾಗಿ ಒಬ್ಬರು ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾರೆಂದು ಹಿಡಿದು ಸಮಯ ಕಟ್ಟುತ್ತಾರೆ. 14 ಮೀಟರ್ ಅಗಲದ ರಸ್ತೆಗೆ 12 ಸೆಕೆಂಡು. ಸೆಕೆಂಡಿಗೆ 0.8 ಮೀಟರ್ ನಡೆಯುವ ಅಜ್ಜಿಗೆ 17ಕ್ಕೂ ಹೆಚ್ಚು ಸೆಕೆಂಡು ಬೇಕು. ಸಿಂಗಪುರದಲ್ಲಿ 2009ರಿಂದ ಹಿರಿಯರು ತಮ್ಮ ರಿಯಾಯಿತಿ ಕಾರ್ಡನ್ನು ಸಿಗ್ನಲ್ ಕಂಬಕ್ಕೆ ಮುಟ್ಟಿಸಿದರೆ ಹಸಿರು ದೀಪ ಕೆಲವು ಸೆಕೆಂಡು ಹೆಚ್ಚು ಉರಿಯುವ ವ್ಯವಸ್ಥೆ ಇದೆ. ನಮ್ಮಲ್ಲಿ ಕಾರ್ಡು ಬೇಡ, ಸಮಯವನ್ನು ಎಲ್ಲರಿಗೂ ಆರು ಸೆಕೆಂಡು ಹೆಚ್ಚಿಸಿದರೆ ಸಾಕು. ಅದಕ್ಕೆ ಸಂಚಾರ ಪೊಲೀಸರಿಗೆ ಬೇರೆ ಪತ್ರ ಬರೆಯಬೇಕು.

ವಾರ್ಡ್ ಸಮಿತಿ ರಚನೆಯಾಗಿದೆಯೇ ವಿಚಾರಿಸಿ. ಕರ್ನಾಟಕದ ಪಾಲಿಕೆ ಕಾಯ್ದೆಯಂತೆ ಅದರಲ್ಲಿ ಕನಿಷ್ಠ ಮೂವರು ಮಹಿಳೆಯರು, ಪರಿಶಿಷ್ಟ ಜಾತಿ ಅಥವಾ ಪಂಗಡದ ಇಬ್ಬರು, ನಿವಾಸಿ ಸಂಘಗಳ ಇಬ್ಬರು ಇರಬೇಕು. ಹಿರಿಯರಿಗೆಂದು ಪ್ರತ್ಯೇಕ ಸ್ಥಾನವಿಲ್ಲ, ಆದರೆ ಆ ಮೂವರು ಮಹಿಳೆಯರಲ್ಲಿ ಒಬ್ಬರು ನೀವೇಕೆ ಆಗಬಾರದು?

ಮನವಿಯನ್ನು ಟಪಾಲು ಶಾಖೆಯಲ್ಲಿ ಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಅಂಚೆಯಲ್ಲಿದ್ದವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ.

---

ಮ್ಯಾಂಚೆಸ್ಟರಿನ ನರ್ಸ್:

ಅಮ್ಮ, ನಾನು ಹಾಸನದ ಕಡೆಯವಳು, ಈಗ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಈ ಊರು 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಹಿರಿಯ ಸ್ನೇಹಿ ನಗರಗಳ ಜಾಲಕ್ಕೆ ಸೇರಿತು. ಇಲ್ಲಿ 50 ವರ್ಷ ದಾಟಿದ ನಿವಾಸಿಗಳೇ ಸದಸ್ಯರಾಗಿರುವ ಒಂದು ಮಂಡಳಿ ಇದೆ. ನಗರಾಡಳಿತ ಅವರ ಮುಂದೆ ಕುಳಿತು ಮಾತನಾಡಬೇಕಾಗುತ್ತದೆ. ಅದು ವರ್ಷಕ್ಕೊಮ್ಮೆ ನಡೆದು ಮುಗಿಯುವ ಸಮಾರಂಭವಲ್ಲ, ನಿರಂತರವಾಗಿರುವ ಮಂಡಳಿ. ನನಗೆ ಮುಖ್ಯವೆನಿಸಿದ್ದು ಆ ನಿರಂತರತೆ.

ಆದರೆ ನಿಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರವಾದದ್ದು ಇನ್ನೊಂದಿದೆ. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಿರಿಯ ಸ್ನೇಹಿ ನಗರಗಳ ಮಾರ್ಗದರ್ಶಿಯನ್ನು ಹೊರತಂದಿತು. ಅದನ್ನು ಬರೆಯುವ ಮುನ್ನ 33 ನಗರಗಳಲ್ಲಿ ಸುಮಾರು ಒಂದೂವರೆ ಸಾವಿರ ಹಿರಿಯರನ್ನು ಗುಂಪು ಗುಂಪಾಗಿ ಕೂರಿಸಿ ಕೇಳಿದ್ದರು. ನಮ್ಮ ದೆಹಲಿ ಮತ್ತು ಉದಯಪುರ ಆ ಪಟ್ಟಿಯಲ್ಲಿದ್ದವು. ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಲಿಲ್ಲ ಎನ್ನುವುದನ್ನು ಗಮನಿಸಿ. 60ರಿಂದ 74 ವರ್ಷದವರು ಬೇರೆ, 75 ದಾಟಿದವರು ಬೇರೆ. ಕಡಿಮೆ ಆದಾಯದವರು ಬೇರೆ, ಮಧ್ಯಮ ವರ್ಗದವರು ಬೇರೆ. ಮಾತು ಬಲ್ಲ ಒಬ್ಬರು ಇದ್ದ ಕಡೆ ಉಳಿದವರು ಸುಮ್ಮನಾಗಿಬಿಡುತ್ತಾರೆ. ನೀವು ನೋಡಿದ ಸಭೆಯಲ್ಲಿ ಆದದ್ದು ಅದೇ ಅಲ್ಲವೇ?

ನಮ್ಮ ಅತ್ತೆಯವರು ಇಲ್ಲಿಗೆ ಬಂದಿದ್ದಾಗ ತಾವೊಬ್ಬರೇ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಭಾಷೆ ಬಾರದು, ಚಳಿ ಬೇರೆ. ಆದರೂ ಹೋಗುತ್ತಿದ್ದರು, ಏಕೆಂದರೆ ಬಸ್ಸಿನ ನೆಲ ಪಾದಚಾರಿ ಮಾರ್ಗದ ಮಟ್ಟಕ್ಕೇ ಬಂದು ನಿಲ್ಲುತ್ತದೆ. ಊರಿಗೆ ಹಿಂದಿರುಗಿದ ಮೇಲೆ ಶಕ್ತಿ ಯೋಜನೆಯಲ್ಲಿ ಟಿಕೆಟ್ಟಿಗೆ ಹಣ ಕೊಡಬೇಕಿಲ್ಲದಿದ್ದರೂ ಬಸ್ಸಿನ ಮೊದಲ ಮೆಟ್ಟಿಲು ಹತ್ತಲಾಗದೆ ಮನೆಯಲ್ಲೇ ಇದ್ದಾರೆ. ತಂಗುದಾಣದ ಕಟ್ಟೆಯನ್ನು ಎತ್ತರಿಸಿ ಬಸ್ಸು ಅದರ ಪಕ್ಕಕ್ಕೇ ಬಂದು ನಿಲ್ಲುವಂತೆ ಮಾಡಿದರೆ ಅರ್ಧ ಕಷ್ಟ ಕಳೆಯುತ್ತದೆ. ನಿಮ್ಮ ತಂಗುದಾಣದ ಕೆಲಸದಲ್ಲಿ ಇದನ್ನು ಮರೆಯಬೇಡಿ.

---

ಹೂವಿನಜ್ಜಿಯ ಮೊಮ್ಮಗ:

ಒಂದು ಕಳವಳ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನನ್ನ ಅಜ್ಜಿಗೆ 72 ವರ್ಷ. ದೇವಸ್ಥಾನದ ಬೀದಿಯ ಪಾದಚಾರಿ ಮಾರ್ಗದಲ್ಲಿ ಕುಳಿತು ಹೂ ಮಾರುತ್ತಾರೆ. ನಿಮ್ಮಂಥವರು ಒಳ್ಳೆಯ ಮನಸ್ಸಿನಿಂದ ‘ಹಿರಿಯರು ನಡೆಯಲು ಜಾಗ ಬೇಕು’ ಎಂದು ಬರೆದುಕೊಟ್ಟರೆ ಮೊದಲು ಎಬ್ಬಿಸುವುದು ಅಜ್ಜಿಯನ್ನು. ನಮ್ಮ ಊರಿನಲ್ಲಿ ಹಾಗೆ ಆಗಿದೆ. ಬುಟ್ಟಿ, ಛತ್ರಿ, ನೀರು ಚಿಮುಕಿಸಲು ಇಟ್ಟ ತಂಬಿಗೆ ಎಲ್ಲವನ್ನೂ ಲಾರಿಗೆ ಹಾಕಿಕೊಂಡು ಹೋದರು. ಅವರೂ ಹಿರಿಯ ನಾಗರಿಕರೇ ಎಂದು ಯಾರಿಗೂ ಹೊಳೆಯಲಿಲ್ಲ.

ನಾನು ಕೇಳಿದಾಗ ಅಜ್ಜಿ ಹೇಳಿದ್ದು ಎರಡೇ ಮಾತು. ಒಂದು, ಮಧ್ಯಾಹ್ನದ ಬಿಸಿಲಿಗೆ ನೆರಳು. ಇನ್ನೊಂದು, ಶೌಚಾಲಯ. ಹತ್ತಿರದಲ್ಲಿ ಇಲ್ಲವೆಂದು ಅವರು ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಕುಳಿತಲ್ಲಿಂದ ಅವರು ದಿನವಿಡೀ ಆ ಬೀದಿಯನ್ನು ನೋಡುತ್ತಾರೆ. ಯಾವ ಚಪ್ಪಡಿ ಕಲ್ಲು ಅಲುಗಾಡುತ್ತದೆ, ಮಳೆ ಬಂದಾಗ ಚರಂಡಿ ಎಲ್ಲಿ ಉಕ್ಕುತ್ತದೆ, ಯಾರು ಎಲ್ಲಿ ಎಡವಿದರು ಎಲ್ಲವೂ ಅವರಿಗೆ ಗೊತ್ತು. ನೀವು ಸಭೆ ಮಾಡುವುದಾದರೆ ಅವರನ್ನು ಕರೆಯಿರಿ. ಆದರೆ ಸಂಜೆ ಕರೆಯಬೇಡಿ, ಅದು ವ್ಯಾಪಾರದ ಹೊತ್ತು. ಸಭೆಗೆ ಬಂದರೆ ಆ ದಿನದ ಹೂ ಬಾಡುತ್ತದೆ.

---

ನಿವೃತ್ತ ಅಂಚೆ ಸಹಾಯಕಿ:

ಮಗು, ನಿನ್ನ ಮಾತಿಗೆ ಬೇಸರವೇಕೆ? ಇದು ಈ ಚರ್ಚೆಯಲ್ಲಿ ಬರಲೇಬೇಕಾಗಿದ್ದ ಮಾತು. ನಡೆಯುವ ಹಿರಿಯರು ಮತ್ತು ಕುಳಿತು ದುಡಿಯುವ ಹಿರಿಯರು ಒಂದೇ ಕಲ್ಲಿನ ಮೇಲೆ ಇದ್ದಾರೆ. ಒಬ್ಬರಿಗಾಗಿ ಇನ್ನೊಬ್ಬರನ್ನು ಎಬ್ಬಿಸುವ ಮನವಿಗೆ ನಾನು ಸಹಿ ಹಾಕುವುದಿಲ್ಲ. ನಮ್ಮ ರಸ್ತೆಯಲ್ಲೂ ಹೂವಿನವರು, ಸೊಪ್ಪಿನವರು, ಚಪ್ಪಲಿ ಹೊಲಿಯುವ ಒಬ್ಬ ಹಿರಿಯರು ಇದ್ದಾರೆ. ಅವರ ಮುಂದೆಯೇ ನಿಂತು ಕೇಳುತ್ತೇನೆ, ಸಭೆಗೆ ಕರೆಯುವುದಿಲ್ಲ.

ಎಂಜಿನಿಯರ್ ಸರ್, 1.8 ಮೀಟರ್ ಬಿಟ್ಟು ಅವರಿಗೂ ಜಾಗ ಮಾಡಲು ಸಾಧ್ಯವೇ?

ಗುಂಪುಗಳನ್ನು ಬೇರೆ ಬೇರೆ ಕೂರಿಸುವ ವಿಚಾರ ಮನಸ್ಸಿಗೆ ಹಿಡಿಸಿತು. ಪಿಂಚಣಿದಾರರನ್ನು ನವೆಂಬರಿನಲ್ಲಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ಜೀವಂತ ಪ್ರಮಾಣಪತ್ರ ಕೊಡಲು ಬ್ಯಾಂಕು, ಅಂಚೆ ಕಚೇರಿಗಳಿಗೆ ಅವರೇ ಬರುತ್ತಾರೆ, ಕಾಯುತ್ತಾ ಕುಳಿತಿರುತ್ತಾರೆ. ನ್ಯಾಯಬೆಲೆ ಅಂಗಡಿಯ ಸಾಲು ಇನ್ನೊಂದು ಜಾಗ. ನನಗೆ ದಾರಿ ಕಾಣದಿರುವುದು ಮನೆಯಿಂದ ಹೊರಗೇ ಬಾರದವರ ವಿಷಯದಲ್ಲಿ. ಅವರು ಸಾಲಿನಲ್ಲೂ ಇಲ್ಲ, ಉದ್ಯಾನದಲ್ಲೂ ಇಲ್ಲ.

---

ನಗರದ ಆಶಾ ಕಾರ್ಯಕರ್ತೆ:

ಅಕ್ಕ, ಆ ಮನೆಗಳಿಗೆ ಹೋಗುವವರು ನಾವು. ಅನುಭವದಿಂದ ಕೆಲವು ಮಾತು.

‘ನಿಮಗೆ ಏನು ಸೌಲಭ್ಯ ಬೇಕು’ ಎಂದು ಕೇಳಿದರೆ ‘ಏನೂ ಬೇಡಮ್ಮ, ದೇವರು ಬೇಗ ಕರೆದುಕೊಂಡರೆ ಸಾಕು’ ಎನ್ನುತ್ತಾರೆ. ಅದು ಉತ್ತರವಲ್ಲ, ಮಾತು ಮುಗಿಸುವ ರೀತಿ. ಹಾಗೆ ಕೇಳುವ ಬದಲು ‘ಕೊನೆಯ ಸಲ ಹೊರಗೆ ಹೋದದ್ದು ಎಲ್ಲಿಗೆ? ಆಮೇಲೆ ಯಾಕೆ ನಿಲ್ಲಿಸಿದಿರಿ?’ ಎಂದು ಕೇಳಿ. ಆಗ ಮಾತು ಹೊರಗೆ ಬರುತ್ತದೆ. ಮೂಲೆಯ ಅಂಗಡಿಯ ಹತ್ತಿರ ಬಿದ್ದೆ. ನಾಯಿಗಳು ಅಟ್ಟಿಸಿಕೊಂಡು ಬಂದವು. ದಾರಿಯಲ್ಲಿ ಕೂರಲು ಒಂದು ಕಟ್ಟೆಯಿತ್ತು, ಅದನ್ನು ಒಡೆದರು. ಮೂತ್ರ ತಡೆಯಲಾಗುವುದಿಲ್ಲ. ಕೊನೆಯದನ್ನು ಹೆಂಗಸರು ಹೆಂಗಸರಿಗೆ ಮಾತ್ರ ಹೇಳುತ್ತಾರೆ, ಅದೂ ಮನೆಯವರು ಹತ್ತಿರ ಇಲ್ಲದಾಗ. ಮಗ ಅಥವಾ ಸೊಸೆ ಪಕ್ಕದಲ್ಲಿದ್ದರೆ ಉತ್ತರ ಅವರೇ ಕೊಡುತ್ತಾರೆ. ಆದ್ದರಿಂದ ಮಧ್ಯಾಹ್ನ ಊಟವಾದ ಮೇಲೆ ಹೋಗಿ.

ಕಿವಿ ಸರಿಯಾಗಿ ಕೇಳದವರಿಗೆ ಎದುರು ಕುಳಿತು ನಿಧಾನವಾಗಿ ಮಾತನಾಡಿ. ಉರ್ದು, ತಮಿಳು ಮನೆಮಾತಿನವರಿದ್ದರೆ ಆ ಭಾಷೆ ಬಲ್ಲ ನೆರೆಯವರನ್ನು ಜೊತೆಗೆ ಕರೆದುಕೊಳ್ಳಿ.

ಒಂದು ವಿನಂತಿ. ದಯವಿಟ್ಟು ಈ ಸಮೀಕ್ಷೆಯನ್ನು ನಮ್ಮ ತಲೆಗೆ ಕಟ್ಟುವ ಸಲಹೆಯನ್ನು ಪಾಲಿಕೆಗೆ ಕೊಡಬೇಡಿ. ನಮಗೆ ಈಗಲೇ ಪುಸ್ತಕಗಳು ತುಂಬಿವೆ. ಯಾವ ಮನೆಯಲ್ಲಿ ಯಾರಿದ್ದಾರೆಂದು ನಮಗೆ ಗೊತ್ತು, ಅವರ ಒಪ್ಪಿಗೆ ಕೇಳಿಕೊಂಡು ನಿಮ್ಮನ್ನು ಬಾಗಿಲವರೆಗೆ ಕರೆದುಕೊಂಡು ಹೋಗಬಲ್ಲೆವು. ಅವರ ಆರೋಗ್ಯದ ವಿವರಗಳನ್ನು ಮಾತ್ರ ಕೇಳಬೇಡಿ.

---

ಹಳೆಯ ಪುರಸಭೆ ಎಂಜಿನಿಯರ್:

ಮೇಡಂ, ಸಾಧ್ಯವಿದೆ. ರಸ್ತೆಯ ಅಂಚಿನ ಕಡೆ ಮರ, ವಿದ್ಯುತ್ ಕಂಬ, ಬೆಂಚು ಇರುವ ಒಂದು ಪಟ್ಟಿಯನ್ನು ಬಿಡುತ್ತೇವೆ. ಮಾರಾಟದವರು ಆ ಪಟ್ಟಿಯಲ್ಲಿ ಮರದ ನೆರಳಿಗೆ ಕುಳಿತರೆ ಗೋಡೆಯ ಕಡೆ ನಡೆಯುವವರಿಗೆ ಅಗಲ ಉಳಿಯುತ್ತದೆ. ಎಲ್ಲ ಕಡೆ ಇಷ್ಟು ಅಗಲ ಸಿಗುವುದಿಲ್ಲ, ಕಾರು ನಿಲ್ಲಿಸುವ ಜಾಗವನ್ನು ಕೆಲವು ಕಡೆ ಕಡಿಮೆ ಮಾಡಬೇಕಾಗುತ್ತದೆ. ವಿರೋಧ ಬರುವುದು ಅಲ್ಲಿಂದಲೇ ಹೊರತು ಹೂವಿನವರಿಂದಲ್ಲ.

2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಪಟ್ಟಣ ಮಾರಾಟ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳು ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ನಿಮ್ಮ ಮನವಿಯ ಪ್ರತಿಯನ್ನು ಆ ಸಮಿತಿಗೂ ಕೊಡಿ. ಹೂವಿನಜ್ಜಿಯ ಹೆಸರು ವ್ಯಾಪಾರಿಗಳ ಸಮೀಕ್ಷೆಯಲ್ಲಿ ಸೇರಿದೆಯೇ ಎಂದು ಮೊಮ್ಮಗ ಕೂಡಲೇ ವಿಚಾರಿಸಲಿ. ಗುರುತಿನ ಚೀಟಿ ಇದ್ದರೆ ಬುಟ್ಟಿ ಎತ್ತಿಕೊಂಡು ಹೋಗುವುದು ಸುಲಭವಲ್ಲ.

ಇನ್ನೊಂದು ಮಾತು. ಕಿರಿಯ ಎಂಜಿನಿಯರನ್ನು ಸಭೆಗೆ ಕರೆಯುವುದಕ್ಕಿಂತ ನಡಿಗೆಗೆ ಕರೆಯಿರಿ. ಬೆಳಿಗ್ಗೆ ಬೇಗ, ಅವರು ಕಾಮಗಾರಿ ನೋಡಲು ಹೊರಡುವ ಹೊತ್ತಿಗೆ. ವಾಕರ್ ಹಿಡಿದ ಒಬ್ಬರು, ಕಣ್ಣು ಮಂಜಾದ ಒಬ್ಬರು, ಮಂಡಿ ನೋವಿನ ಒಬ್ಬರು, ಅವರ ಜೊತೆಗೆ ಅಳತೆ ಟೇಪು. ಕರ್ಬ್ ಎತ್ತರವಾದ ಕಡೆಯೆಲ್ಲ ಸುಣ್ಣದಿಂದ ಗುರುತು ಹಾಕಿ. ನನ್ನ ಕೆಲಸದ ವರ್ಷಗಳಲ್ಲಿ ಯಾರೂ ನನ್ನನ್ನು ಹಾಗೆ ಕರೆದಿರಲಿಲ್ಲ. ಕರೆದಿದ್ದರೆ ಹೋಗುತ್ತಿದ್ದೆ.

---

ನಿವೃತ್ತ ಅಂಚೆ ಸಹಾಯಕಿ:

ಎಲ್ಲರಿಗೂ ಕೃತಜ್ಞತೆ. ಈಗ ಮನಸ್ಸಿಗೆ ಬಂದಿರುವ ಕ್ರಮ ಹೀಗಿದೆ. ನವೆಂಬರಿನಲ್ಲಿ ಅಂಚೆ ಕಚೇರಿಯ ಜಗಲಿಯಲ್ಲಿ ಪಿಂಚಣಿದಾರರ ಮಾತು ಬರೆದುಕೊಳ್ಳುತ್ತೇನೆ, ಅಲ್ಲಿನವರು ನನ್ನನ್ನು ಬಲ್ಲರು. ರೇಷನ್ ಕೊಡುವ ದಿನಗಳಲ್ಲಿ ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಪಕ್ಕದ ಮನೆಯ ಕಾಲೇಜು ಹುಡುಗಿ ಬರೆದುಕೊಳ್ಳುತ್ತಾಳೆ. ಮನೆಯಿಂದ ಹೊರಡದವರ ಬಳಿಗೆ ನಮ್ಮ ಬೀದಿಯ ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡು ಮಧ್ಯಾಹ್ನಗಳಲ್ಲಿ ಹೋಗುತ್ತೇನೆ. ಯಾರ ಮಾತೋ ಅವರ ಮಾತಿನಲ್ಲೇ ಬರೆದು, ಓದಿ ಹೇಳಿ, ಒಪ್ಪಿದರೆ ಸಹಿ ಅಥವಾ ಹೆಬ್ಬೆಟ್ಟು. ಅವನ್ನು ಜಾಗಕ್ಕೆ ತಕ್ಕಂತೆ ಜೋಡಿಸಿ, ಸರ್ ಹೇಳಿದ ಅಳತೆಗಳನ್ನು ಸೇರಿಸಿ, ಡಿಸೆಂಬರಿನೊಳಗೆ ಟಪಾಲಿಗೆ ಹಾಕಬೇಕು. ಸಲಹಾ ಸಭೆಗೆ ಬಂದಿದ್ದ ನಿವೃತ್ತ ಅಧಿಕಾರಿಗಳನ್ನೂ ಬಿಡುವುದಿಲ್ಲ. ಅಂದಾಜು ಪಟ್ಟಿ ಓದಬಲ್ಲವರು, ಮಾಹಿತಿ ಹಕ್ಕಿನ ಅರ್ಜಿ ಬರೆಯಬಲ್ಲವರು ಅವರೇ. ಮಾತು ಅವರದಾಗದಂತೆ ನೋಡಿಕೊಂಡು ಕೆಲಸವನ್ನು ಅವರಿಂದ ಪಡೆಯುತ್ತೇನೆ.

ಒಂದು ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ. ಉದ್ಯಾನದಲ್ಲಿ ಶೌಚಾಲಯ ಈಗಾಗಲೇ ಇದೆ, ಆದರೆ ಸದಾ ಬೀಗ. ತೆರೆದಿಟ್ಟರೆ ಗಲೀಜು ಮಾಡುತ್ತಾರೆಂದು ಕಾವಲುಗಾರ ಹೇಳುತ್ತಾನೆ, ಅವನ ಮಾತಿನಲ್ಲೂ ಸತ್ಯವಿದೆ. ಬೀಗದ ಕೈಯನ್ನು ಹೂವಿನವರ ಬಳಿ ಇಟ್ಟು, ಸ್ವಚ್ಛತೆಗೆ ಪಾಲಿಕೆಯಿಂದ ತಿಂಗಳಿಗೆ ಇಷ್ಟೆಂದು ಕೊಡಿಸಲು ಸಾಧ್ಯವೇ? ಸ್ವಸಹಾಯ ಸಂಘಕ್ಕೆ ವಹಿಸಬೇಕೇ? ಹೀಗೆ ನಡೆಸಿದ ಅನುಭವ ಇರುವವರು ಖರ್ಚು ಎಷ್ಟಾಯಿತು, ಹಣ ಯಾವ ಬಾಬ್ತಿನಿಂದ ಬಂತು ಎನ್ನುವುದನ್ನು ತಿಳಿಸಿದರೆ ಅದನ್ನೂ ಮನವಿಯಲ್ಲಿ ಸೇರಿಸುತ್ತೇನೆ.